ದಿವಾಳಿ ಎದ್ದ ಮುತ್ತಾತ

ನಮ್ಮ ವಂಶದಲ್ಲಿ ಸಾಲ ಮಾಡದೆ ಸತ್ತವರ ಹೆಸರು ಯಾರಿಗೂ ನೆನಪಿಲ್ಲ. ಅವರು ಹುಟ್ಟಿದರು, ರಾಗಿ ಬಿತ್ತಿದರು, ತೆಂಗಿನ ಪಾತಿಗೆ ನೀರು ಕಟ್ಟಿದರು, ಒಂದು ದಿನ ಹೊರಟುಹೋದರು. ನನ್ನ ತಾತನ ತಾತ ಮಾತ್ರ ದಿವಾಳಿ ಎದ್ದ. ಆದ್ದರಿಂದ ಅವನ ಎಮ್ಮೆಗೆ ಒಂದೇ ಕೊಂಬಿತ್ತು ಎನ್ನುವುದೂ ಇವತ್ತಿಗೆ ನಮಗೆ ಗೊತ್ತು.

ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರದ ಹಳೇ ಮನೆಯ ಅಟ್ಟದಲ್ಲಿ ಒಂದು ತಗಡಿನ ಪೆಟ್ಟಿಗೆ. ಅದರಲ್ಲಿ ಆಸ್ತಿ ಪತ್ರ ಇರಬಹುದೆಂದು ಮೂರು ತಲೆಮಾರು ಕಾದಿದೆ. ಇದ್ದದ್ದು ಮಡಿಕೆಯಲ್ಲೇ ಹರಿದುಬರುತ್ತಿದ್ದ ಸಾಲಪತ್ರಗಳು, ಒಂದು ಡಿಕ್ರಿ ನಕಲು, ಒಂದು ದಿವಾಳಿ ಅರ್ಜಿ. ಶ್ಯಾನುಭೋಗರ ಮೋಡಿ ಬರಹ ಓದಲು ನಾನು ಭೂತಗನ್ನಡಿ ಹಿಡಿದು ಕೂತಿದ್ದನ್ನು ಕಂಡು ದೊಡ್ಡಮ್ಮ, “ಸತ್ತೋರ ಸಾಲ ಯಾಕಪ್ಪಾ ಕೆದಕ್ತೀಯ? ಯಾವನಾದ್ರೂ ಬಂದು ಬಡ್ಡಿ ಕೇಳಿದ್ರೆ ನೀನೇ ಕಟ್ಕೊ” ಎಂದು ಒಳಗೆ ಹೋದಳು. ಆಮೇಲೆ ಕುತೂಹಲ ತಡೆಯಲಾರದೆ ಕಾಫಿಯ ನೆಪದಲ್ಲಿ ಹೊರಗೆ ಬಂದು ಪಕ್ಕದಲ್ಲೇ ಕೂತಳು.

ಕಥೆ ಶುರುವಾದದ್ದು ಒಂದು ಜೊತೆ ಎತ್ತಿನಿಂದ. ಮುತ್ತಾತ ಅರವತ್ತು ರೂಪಾಯಿ ತಂದ, ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ. ಸಾಲಪತ್ರಕ್ಕೆ ಮೂರು ವರ್ಷದ ವಾಯಿದೆ. ವಾಯಿದೆ ಮೀರಿದರೆ ಸಾಹುಕಾರನ ಹಕ್ಕು ಹೋಗುತ್ತದೆ. ಹಾಗಾಗಬಾರದೆಂದು ಮೂರು ವರ್ಷಕ್ಕೊಮ್ಮೆ ಅಸಲಿಗೆ ಬಡ್ಡಿ ಸೇರಿಸಿ ಹೊಸ ಪತ್ರ, ಹೊಸ ಹೆಬ್ಬೆಟ್ಟು. ರೈತನ ರಕ್ಷಣೆಗೆಂದು ಇದ್ದ ವಾಯಿದೆಯೇ ಸಾಲವನ್ನು ಮೇಯಿಸಿ ಕೊಬ್ಬಿಸಿತು. ಈ ಲೆಕ್ಕದಲ್ಲಿ ಒಂದು ಪೈಸೆ ಕಟ್ಟದಿದ್ದರೆ ಅರವತ್ತು ರೂಪಾಯಿ ಒಂಬತ್ತು ವರ್ಷಕ್ಕೆ ಮುನ್ನೂರು ದಾಟುತ್ತದೆ. ಎತ್ತುಗಳಿಗೆ ಅಷ್ಟು ಆಯಸ್ಸೂ ಇರಲಿಲ್ಲ, ಪಾಪ.

ಆಮೇಲೆ ಬಂದದ್ದು 1876ರಿಂದ 78ರವರೆಗಿನ ಬರ. ನಮ್ಮ ಕಡೆಯ ಹಳಬರು ಅದನ್ನು ‘ದೊಡ್ಡ ಬರ’ ಎನ್ನುತ್ತಿದ್ದರು. ಮೈಸೂರು ಸಂಸ್ಥಾನದಲ್ಲಿ 1871ರ ಜನಗಣತಿಯಲ್ಲಿ ಐವತ್ತು ಲಕ್ಷ ದಾಟಿದ್ದ ಜನ 1881ಕ್ಕೆ ನಲವತ್ತೆರಡು ಲಕ್ಷಕ್ಕೂ ಕಡಿಮೆಯಾದರು. ಕೆರೆ ಒಣಗಿದರೂ ಕಂದಾಯ ಒಣಗಲಿಲ್ಲ, ಅದನ್ನು ನಗದಿನಲ್ಲೇ ಕಟ್ಟಬೇಕು. ನಗದು ಇದ್ದದ್ದು ಸಾಹುಕಾರನ ಮನೆಯಲ್ಲಿ. ಮುತ್ತಾತ ಬದುಕಿಕೊಂಡ. ಬರಗಾಲದಲ್ಲಿ ಬದುಕಿ ಉಳಿದವರಿಗೆ ಸಿಕ್ಕ ಬಹುಮಾನವೆಂದರೆ ಹಳೇ ಸಾಲ.

ಮುತ್ತಾತನನ್ನು ಬೈಯ್ಯಲು ಹೊರಟಾಗಲೆಲ್ಲ ನನಗೆ ಮೈಸೂರು ಅರಮನೆ ಅಡ್ಡ ಬರುತ್ತದೆ. 1799ರಲ್ಲಿ ಎಳೇ ಹುಡುಗ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಸಿಂಹಾಸನದ ಮೇಲೆ ಕೂರಿಸಿದ ಕಂಪನಿ, ವರ್ಷಕ್ಕೆ ಏಳು ಲಕ್ಷ ವರಹದ ಪೊಗದಿ ಬರೆಸಿಕೊಂಡಿತು. ನಗರ ಸೀಮೆಯ ರೈತರ ದಂಗೆಯೊಂದಿಗೆ ಪೊಗದಿಯ ಬಾಕಿಯನ್ನೂ ಮುಂದಿಟ್ಟು 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಇಡೀ ರಾಜ್ಯದ ಆಡಳಿತವನ್ನೇ ಕಿತ್ತುಕೊಂಡ. ಐವತ್ತು ವರ್ಷದ ಮೇಲೆ ಚಾಮರಾಜ ಒಡೆಯರಿಗೆ ರಾಜ್ಯ ಮರಳಿದಾಗ ಬರಗಾಲದ ಸಾಲ ಎಂಬತ್ತು ಲಕ್ಷ ರೂಪಾಯಿ ಜೊತೆಗೇ ಬಂತು. ನಮ್ಮನೆಯ ಕಥೆಯೂ ಇದೇ ತಾನೆ? ಎಳೇ ವಯಸ್ಸಿನಲ್ಲಿ ಹೊಣೆ, ಬಾಕಿ, ಜಪ್ತಿ, ಮಗನ ತಲೆಗೆ ಸಾಲ. ವ್ಯತ್ಯಾಸ ಇಷ್ಟೇ, ಅರಮನೆಗೆ ರಂಗಾಚಾರ್ಲು ಅಂಥ ದಿವಾನರಿದ್ದರು. ನಮ್ಮ ಮುತ್ತಾತನ ಲೆಕ್ಕ ನೋಡುತ್ತಿದ್ದವನು ಸಾಲ ಕೊಟ್ಟವನೇ.

ಕೊನೆಗೆ ಡಿಕ್ರಿ ಆಯಿತು. 1882ರ ಸಿವಿಲ್ ಪ್ರೊಸೀಜರ್ ಕೋಡಿನ ಪ್ರಕಾರ ಸಾಲಗಾರನನ್ನು ಆರು ತಿಂಗಳವರೆಗೆ ಸಿವಿಲ್ ಜೈಲಿನಲ್ಲಿ ಇಡಿಸಬಹುದಿತ್ತು. ಆದರೆ ಜೈಲಿನಲ್ಲಿರುವವನ ಊಟದ ಭತ್ಯೆಯನ್ನು ಸಾಲ ಕೊಟ್ಟವನೇ ಮುಂಗಡವಾಗಿ ಕಟ್ಟಬೇಕು! ಮುತ್ತಾತನ ಹಸಿವು ಊರಿಗೆಲ್ಲ ಗೊತ್ತಿದ್ದ ಸಂಗತಿ. ಒಂದು ಹೊತ್ತಿಗೆ ಮೂರು ಮುದ್ದೆ ಇಳಿಸುತ್ತಿದ್ದನಂತೆ. ಸಾಹುಕಾರ ಲೆಕ್ಕ ಹಾಕಿದ, ಜೈಲಿನ ಆಸೆ ಬಿಟ್ಟ. ನಮ್ಮ ವಂಶದ ಮಾನ ಉಳಿಸಿದ್ದು ರಾಗಿಮುದ್ದೆ.

ಜಪ್ತಿಯಲ್ಲೂ ಕಾಯಿದೆ ತನ್ನದೇ ಕರುಣೆ ತೋರಿತ್ತು. ರೈತನ ನೇಗಿಲು, ಬೇಸಾಯಕ್ಕೆ ಬೇಕಾದಷ್ಟು ದನ, ಬಿತ್ತನೆ ಕಾಳು, ಉಟ್ಟ ಬಟ್ಟೆ ಇವನ್ನು ಮುಟ್ಟುವಂತಿಲ್ಲ. ಅಡುಗೆ ಪಾತ್ರೆಗಳಿಗೂ ರಕ್ಷಣೆ ಬೇಕೆಂದು ಕಾಯಿದೆಗೆ ಹೊಳೆದದ್ದು 1908ರಲ್ಲಿ. ಅಲ್ಲಿಯವರೆಗೆ ರೈತ ಬೆಳೆಯಬಹುದಿತ್ತು, ಬೇಯಿಸಿಕೊಳ್ಳುವ ಪಾತ್ರೆ ಉಳಿಯುವ ಭರವಸೆ ಇರಲಿಲ್ಲ.

ದಿವಾಳಿ ಅರ್ಜಿ ಹಾಕುವವನು ತನ್ನ ಆಸ್ತಿಯನ್ನೂ ಸಾಲ ಕೊಟ್ಟವರನ್ನೂ ಒಂದೂ ಬಿಡದೆ ಬರೆದುಕೊಡಬೇಕು. ಮುತ್ತಾತ ಬರೆಸಿದ: ತಾಮ್ರದ ಹಂಡೆ ಒಂದು, ತಳ ತೇಪೆ. ಕಂಚಿನ ಗಂಗಳ ಮೂರು, ಒಂದರ ಅಂಚು ಸೀಳು. ಒಂಟಿ ಕೊಂಬಿನ ಎಮ್ಮೆ ಒಂದು, ಒದೆಯುತ್ತದೆ. ಈ ಕೊನೆಯ ಮಾತನ್ನು ಕೋರ್ಟು ಕೇಳಿರಲಿಲ್ಲ. ಕೊಳ್ಳುವವನಿಗೆ ಮೋಸವಾಗಬಾರದೆಂದು ಹೇಳಿದನೋ, ಯಾರೂ ಕೊಳ್ಳದಿರಲಿ ಎಂದು ಹೇಳಿದನೋ! ಸಾಲ ಕೊಟ್ಟವರ ಸಾಲಿನಲ್ಲಿ ಸಾಹುಕಾರನ ಕೆಳಗೆ ಬೀಗರು, ಅವರ ಕೆಳಗೆ ದಾಯಾದಿ, ಕಟ್ಟಕಡೆಗೆ “ಹೆಂಡತಿಯಿಂದ ತೆಗೆದುಕೊಂಡದ್ದು, ಕಿವಿಯ ಓಲೆ ಒಂದು ಜೊತೆ”. ಅಷ್ಟು ಓದಿದ್ದೇ ತಡ, ದೊಡ್ಡಮ್ಮ ಕಾಫಿ ಲೋಟ ಕೆಳಗಿಟ್ಟು, “ನೋಡ್ದಾ, ಅದನ್ನಾದ್ರೂ ಬರೆಸವ್ನೆ. ನಿಮ್ ದೊಡ್ಡಪ್ಪ ನನ್ನ ಬಳೆ ತಗೊಂಡಿದ್ದು ಯಾವ ಕಾಗದದಾಗೂ ಇಲ್ಲ” ಎಂದಳು. ಮುತ್ತಾತನ ಬಗ್ಗೆ ಅವಳಿಗೆ ಗೌರವ ಹುಟ್ಟಿದ್ದು ಅವತ್ತೇ.

ಇಂಥದೇ ಸಾಲಕ್ಕೆ ರೋಸಿ ಪುಣೆ ಕಡೆಯ ಸೂಪಾ ಊರಿನ ರೈತರು 1875ರಲ್ಲಿ ಸಾಹುಕಾರರ ಮೇಲೆ ಬಿದ್ದು ಲೆಕ್ಕದ ವಹಿಗಳನ್ನೇ ಸುಟ್ಟರು. ಸರ್ಕಾರ ಬೆಚ್ಚಿ 1879ರಲ್ಲಿ ಅವರಿಗಾಗಿ ಕಾಯಿದೆ ತಂದಿತು. ಮುತ್ತಾತನಿಗೆ ಆ ಸುದ್ದಿ ಮುಟ್ಟಿದ್ದರೂ ಅವನು ಬೆಂಕಿ ಹಚ್ಚುತ್ತಿರಲಿಲ್ಲ. ಸಾಲ ಕೊಟ್ಟವರಲ್ಲಿ ಅರ್ಧ ಜನ ನೆಂಟರು, ಮುಂದಿನ ಮದುವೆಗೆ ಅವರನ್ನೇ ಕರೆಯಬೇಕು. ಮೈಸೂರಿನ ಪರಿಹಾರಗಳೋ, ಮಳೆ ನಿಂತ ಮೇಲಿನ ಕೊಡೆಯ ಹಾಗೆ ಬಂದವು. ದಿವಾನ್ ಶೇಷಾದ್ರಿ ಅಯ್ಯರ್ 1894ರಲ್ಲಿ ಕೃಷಿ ಬ್ಯಾಂಕುಗಳನ್ನು ಶುರುಮಾಡಿಸಿದರು, ಅವು ಹೆಚ್ಚು ಕಾಲ ಬಾಳಲಿಲ್ಲ. ಸಹಕಾರ ಸಂಘಗಳ ಕಾಯಿದೆ ಬಂದದ್ದು 1905ರಲ್ಲಿ. ಸಣ್ಣ ರೈತರ ಮತ್ತು ಕೂಲಿಗಳ ಖಾಸಗಿ ಸಾಲವನ್ನು ದೇವರಾಜ ಅರಸರು ಋಣಮುಕ್ತ ಕಾಯಿದೆಯಿಂದ ತೊಡೆದುಹಾಕಿದ್ದು 1976ರಲ್ಲಿ. ಆಗ ನಮ್ಮ ತಾತ, “ನಮ್ಮ ತಾತ ಒಂದು ನೂರು ವರ್ಷ ತಾಳ್ಕೊಂಡಿದ್ರೆ ಆಗೋದು” ಎಂದನಂತೆ.

ಈಗ ನನಗೂ ಮನೆ ಸಾಲವಿದೆ. ತಿಂಗಳ ಐದನೇ ತಾರೀಕು ನನ್ನನ್ನು ಕೇಳದೆಯೇ ಕಂತು ಹೋಗಿ, ಮೊಬೈಲಿಗೆ ಒಂದು ಸಂದೇಶ ಬರುತ್ತದೆ. ಹೆಬ್ಬೆಟ್ಟಿಲ್ಲ, ಅಮೀನನಿಲ್ಲ, ಬೀಗರ ಮುಂದೆ ತಲೆ ತಗ್ಗಿಸುವುದಿಲ್ಲ. ಬ್ಯಾಂಕಿನವರು ನನ್ನ ಪ್ಯಾನ್ ನಂಬರು ಕೇಳಿದರೇ ಹೊರತು, ಮನೆಯಲ್ಲಿ ಒದೆಯುವ ಪ್ರಾಣಿ ಏನಾದರೂ ಇದೆಯೇ ಎಂದು ವಿಚಾರಿಸಲಿಲ್ಲ. ಹೀಗೇ ಕಂತು ತಪ್ಪದೆ ಕಟ್ಟಿದರೆ ಸಾಲ ತೀರಿ ನಾನು ಮರ್ಯಾದಸ್ಥನಾಗಿ ಸಾಯುತ್ತೇನೆ, ನನ್ನ ಮರಿಮಕ್ಕಳಿಗೆ ನನ್ನ ಹೆಸರೂ ತಿಳಿಯುವುದಿಲ್ಲ. ಅಷ್ಟು ಹೊತ್ತಿಗೂ ಮುತ್ತಾತನ ಎಮ್ಮೆಯ ಕೊಂಬಿನ ಲೆಕ್ಕ ಮಾತ್ರ ಅವರಿಗೆ ಬಾಯಿಪಾಠವಾಗಿರುತ್ತದೆ.