ಹಿಡಿದ ಮೇಲೆ ಬಿಡಬೇಕು

ಸ್ವಿಚ್ ಅಂದ್ರೆ ನಮ್ಮಮ್ಮನಿಗೆ ಗೋಡೆ ಮೇಲಿರೋದೇ. ‘ಅದನ್ನ ರಿಪೇರಿ ಮಾಡೋಕೆ ಇಷ್ಟು ಸಂಬಳ ಕೊಡ್ತಾರೇನೋ?’ ಅಂತಾಳೆ. ನಾನು ನೋಡಿಕೊಳ್ಳೋ ಸ್ವಿಚ್ಚು ಕಣ್ಣಿಗೇ ಕಾಣಲ್ಲ. ಒಂದೇ ಸರ್ವರ್‌ನೊಳಗೆ ಹತ್ತಾರು ವರ್ಚುವಲ್ ಮಷೀನುಗಳು ಓಡ್ತಿರುತ್ತವಲ್ಲ, ಅವುಗಳ ನಡುವೆ ಪ್ಯಾಕೆಟ್ ಹಂಚೋ ಸಾಫ್ಟ್‌ವೇರ್ ಅದು. ಈ ಪೈಕಿ ಹೆಸರುವಾಸಿಯಾದ ಓಪನ್ ವಿಸ್ವಿಚ್ 2012ರಲ್ಲಿ, ಲಿನಕ್ಸ್ 3.3ರ ಹೊತ್ತಿಗೆ, ಕರ್ನಲ್‌ಗೇ ಸೇರಿಕೊಂಡಿತು. ನಾವು ಬಳಸ್ತಿದ್ದದ್ದು ಅದೇ ಜಾತಿಯ ಇನ್ನೊಂದು ಓಪನ್ ಸೋರ್ಸ್ ಸ್ವಿಚ್ಚು.

ಮಷೀನೊಂದನ್ನು ಅಳಿಸಿದಾಗ ಅದರ ನೆಟ್‌ವರ್ಕ್ ಡಿವೈಸೂ ಹೋಗಬೇಕು. ಕೆಲವು ಸಲ ಹೋಗ್ತಿರಲಿಲ್ಲ. ಹತ್ತು ಸೆಕೆಂಡಿಗೊಮ್ಮೆ ಕರ್ನಲ್ ಲಾಗಿನಲ್ಲಿ ಒಂದೇ ಗೋಳು: ಈ ಡಿವೈಸ್ ಬಿಡುಗಡೆಯಾಗಲಿ ಅಂತ ಕಾಯ್ತಿದ್ದೀನಿ, ಬಳಕೆಯ ಎಣಿಕೆ 1.

ಕರ್ನಲ್‌ನ ಲೆಕ್ಕ ಸರಳ. ಡಿವೈಸ್ ಬಳಸೋರು ಮೊದಲು ಅದನ್ನ ಹಿಡೀಬೇಕು, ಕೆಲಸ ಮುಗಿದ ಮೇಲೆ ಬಿಡಬೇಕು. ಹಿಡಿದಾಗ ಎಣಿಕೆ ಒಂದು ಏರುತ್ತೆ, ಬಿಟ್ಟಾಗ ಒಂದು ಇಳಿಯುತ್ತೆ. ಎಲ್ಲರೂ ಬಿಡೋವರೆಗೆ ಅಳಿಸೋ ಹಾಗಿಲ್ಲ. ಪಿಜಿ ಖಾಲಿ ಮಾಡಿದವನು ಬೀಗದ ಕೈ ಜೇಬಲ್ಲೇ ಇಟ್ಕೊಂಡು ಊರಿಗೆ ಹೋದ ಹಾಗೆ. ರೂಮು ಖಾಲಿ ಇದೆ, ಇನ್ನೊಬ್ಬರಿಗೆ ಕೊಡೋಕಾಗಲ್ಲ.

‘ವಾರಕ್ಕೊಂದು ರಾತ್ರಿ ರೀಬೂಟ್ ಮಾಡಿದ್ರಾಯ್ತು ಬಿಡಿ’ ಅಂದ್ರು ಮ್ಯಾನೇಜರ್. ಆ ರಾತ್ರಿ ಪಾಳಿ ಬಿದ್ದದ್ದು ಕೆಲಸಕ್ಕೆ ಸೇರಿ ಆರು ತಿಂಗಳಾದ ಹುಡುಗಿಗೆ. ಎರಡು ಗಂಟೆಗೆ ಎದ್ದು, ಗ್ರಾಹಕರಿಗೆ ಮೇಲ್ ಹಾಕಿ, ಸರ್ವರ್ ಮತ್ತೆ ಎದ್ದು ಕೂರೋವರೆಗೆ ಕಾಯಬೇಕು. ರೀಬೂಟಿನಿಂದ ಬಗ್ ಹೋಗಲಿಲ್ಲ, ಅವಳ ನಿದ್ದೆ ಹೋಯ್ತು.

ಸುಳಿವು ಸಿಕ್ಕಿದ್ದೂ ಅವಳ ಹತ್ತಿರವೇ. ಪ್ರತಿ ರಾತ್ರಿ ಏನೇನಾಯ್ತು ಅಂತ ಒಂದು ಕಡೆ ಬರೆದಿಡ್ತಿದ್ದಳು. ಸಿಕ್ಕಿಹಾಕಿಕೊಂಡ ಡಿವೈಸುಗಳೆಲ್ಲ ಅದಕ್ಕೂ ಮುಂಚೆ ಒಮ್ಮೆಯಾದರೂ ಸ್ವಿಚ್ಚಿಗೆ ಸೇರಿಸೋಕೆ ಹೋಗಿ ಫೇಲ್ ಆದಂಥವು.

ಹಾಗಾಗಿ ನಾನು ಬೇಕಂತಲೇ ಫೇಲ್ ಮಾಡಿಸಿದೆ. ಬೇರೊಂದು ಬ್ರಿಡ್ಜಿಗೆ ಆಗಲೇ ಸೇರಿರೋ ಡಿವೈಸ್ ಕೊಟ್ರೆ ಸ್ವಿಚ್ಚು ಬೇಡ ಅನ್ನುತ್ತೆ, ಅದು ಸರಿಯೇ. ಆದ್ರೆ ಬೇಡ ಅನ್ನೋ ಮೊದಲೇ ಅದನ್ನ ಹಿಡಿದಾಗಿರುತ್ತೆ. ವಾಪಸ್ ಬರೋ ದಾರೀಲಿ ಬಿಡೋ ಸಾಲೇ ಇರಲಿಲ್ಲ. ಕೆಲಸ ಆಗೋ ದಾರೀಲಿ ಎಲ್ಲರೂ ನೂರು ಸಲ ಓಡಾಡಿರ್ತಾರೆ. ಕೆಲಸ ಕೆಡೋ ದಾರೀಲಿ ಟೆಸ್ಟ್ ಕೂಡ ಹೋಗಿರಲಿಲ್ಲ.

ಸೇರಿಸಿದ್ದು ಒಂದೇ ಸಾಲು. ಯಾಕೆ ಸೇರಿಸಿದೆ ಅನ್ನೋ ವಿವರಣೆಯೇ ಹದಿನಾಲ್ಕು ಸಾಲಾಯ್ತು. ‘ಒಂದು ಸಾಲಿಗೆ ಒಂಬತ್ತು ದಿನಾನಾ?’ ಅಂದ್ರು ಮ್ಯಾನೇಜರ್. ನಮ್ಮ ಕಾಪಿ ಸರಿಮಾಡ್ಕೊಂಡು ಸುಮ್ಮನಿರೋಣ ಅಂತಲೂ ಅಂದ್ರು. ಆದ್ರೆ ಇದೇ ಕೋಡ್ ಓಡಿಸೋ ಇನ್ನೆಷ್ಟೋ ಆಫೀಸುಗಳಲ್ಲಿ ಯಾರೋ ರಾತ್ರಿ ಎರಡಕ್ಕೆ ಏಳ್ತಿರಬಹುದಲ್ವಾ? ಮೂಲ ಪ್ರಾಜೆಕ್ಟಿಗೇ ಕಳಿಸಿದೆ. ಅವರು ಒಂದು ಟೆಸ್ಟ್ ಬರೆದುಕೊಡಿ ಅಂದ್ರು, ಬರೆದೆ. ಮೂರು ವಾರಕ್ಕೆ ಸೇರಿಸಿಕೊಂಡ್ರು.

ಪ್ಯಾಚಿನ ಕೆಳಗೆ ‘ವರದಿ ಮಾಡಿದವರು’ ಅನ್ನೋ ಕಡೆ ಅವಳ ಹೆಸರಿದೆ. ರೀಬೂಟ್ ಪಟ್ಟಿಯಿಂದ ಆ ಸರ್ವರುಗಳನ್ನು ತೆಗೆದುಹಾಕಿದ್ದೂ ಅವಳೇ, ಹಾಡುಹಗಲಲ್ಲಿ, ಕಾಫಿ ಕುಡೀತಾ.