ಮಣ್ಣು ಮರೆಯದ ಮಾಯಾ ಮಹಿಳೆಯರು

‘ಮಾಯೆ’ ಎಂಬ ಮಾತು ಕಿವಿಗೆ ಬಿದ್ದೊಡನೆ ಈ ಸಂಚಿಕೆಯ ಓದುಗರಿಗೆ ಅಲ್ಲಮಪ್ರಭುಗಳ ಕಥೆ ನೆನಪಾಗುವುದು ಸಹಜ. ನಾನಿಲ್ಲಿ ಹೇಳಹೊರಟಿರುವುದು ಆ ಮಾಯೆಯ ವಿಚಾರವನ್ನಲ್ಲ. ಮೆಕ್ಸಿಕೋದ ದಕ್ಷಿಣ ಭಾಗ, ಗ್ವಾಟೆಮಾಲಾ, ಬೆಲೀಜ್, ಹೊಂಡುರಾಸ್ ಈ ಸೀಮೆಗಳಲ್ಲಿ ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ನಗರಗಳನ್ನು ಕಟ್ಟಿ, ಲಿಪಿಯನ್ನು ರೂಪಿಸಿ, ಗ್ರಹಗಳ ಚಲನೆಯನ್ನು ಲೆಕ್ಕವಿಟ್ಟ ಜನಾಂಗವೊಂದಕ್ಕೆ ಮಾಯಾ ಎಂಬ ಹೆಸರುಂಟು. ಅವರ ಪಿರಮಿಡ್ಡುಗಳನ್ನೂ ಪಂಚಾಂಗವನ್ನೂ ಕೊಂಡಾಡುವ ಬರಹಗಳಿಗೆ ಕೊರತೆಯಿಲ್ಲ. ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದವು ಮಾತ್ರ ಅವರು ಸುಟ್ಟ ಮಣ್ಣಿನಲ್ಲಿ ಮಾಡಿದ, ಕೈಯಲ್ಲಿ ಹಿಡಿಯಬಹುದಾದಷ್ಟು ಚಿಕ್ಕ ಬೊಂಬೆಗಳು. ಅವುಗಳಲ್ಲಿಯೂ ಹೆಣ್ಣಿನ ಬೊಂಬೆಗಳು.

ಮಾಯಾ ಶಿಲ್ಪದಲ್ಲಿ ಸ್ತ್ರೀಯರೇ ಇಲ್ಲವೆಂದಲ್ಲ. ಯಾಶ್ಚಿಲಾನ್ ನಗರದ ಬಾಗಿಲೊಂದರ ಮೇಲಿದ್ದ ತೊಲೆಗಲ್ಲಿನಲ್ಲಿ ಶೋಕ್ ಎಂಬ ರಾಣಿಯು ಮುಳ್ಳಿನ ಹಗ್ಗವನ್ನು ತನ್ನ ನಾಲಗೆಯ ಮೂಲಕ ಎಳೆದು ರಕ್ತವನ್ನು ಅರ್ಪಿಸುವ ದೃಶ್ಯವಿದೆ. ಅದು ಕ್ರಿ.ಶ. 709ರ ಘಟನೆ, ಆ ಕಲ್ಲು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಇಂತಹ ಶಿಲೆಗಳಲ್ಲಿ ಉದ್ದನೆಯ ನಿಲುವಂಗಿ ತೊಟ್ಟು ನಿಂತ ಎಷ್ಟೋ ಆಕೃತಿಗಳನ್ನು ವಿದ್ವಾಂಸರು ಬಹುಕಾಲ ಪುರೋಹಿತರೆಂದೇ ತಿಳಿದಿದ್ದರು. ರಷ್ಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಬಾಳಿದ ತತಿಯಾನಾ ಪ್ರೊಸ್ಕುರಿಯಾಕೋಫ್ ಎಂಬ ವಿದುಷಿ 1960 ಮತ್ತು 1961ರಲ್ಲಿ ಪ್ರಕಟಿಸಿದ ಲೇಖನಗಳಲ್ಲಿ, ಹೆಸರುಗಳ ಮೊದಲಿಗೆ ಬರುವ ಸ್ತ್ರೀಮುಖದ ಅಕ್ಷರಚಿಹ್ನೆಯನ್ನು ಗುರುತಿಸಿ, ಅವರು ಸ್ತ್ರೀಯರೆಂದು ತೋರಿಸಿಕೊಟ್ಟರು. ರಾಜಪತ್ನಿಯರ ಪಾಡೇ ಹೀಗಾದರೆ, ಹೆಸರನ್ನು ಕೆತ್ತಿಸುವ ಶಕ್ತಿಯಿಲ್ಲದ ಹೆಂಗಸರ ಗತಿಯೇನು? ಇದಕ್ಕೆ ಉತ್ತರ ಕೊಡುವುದು ಮಣ್ಣು.

ಮೆಕ್ಸಿಕೋದ ಕಾಂಪೆಚೆ ಕರಾವಳಿಗೆ ಹೊಂದಿದಂತೆ ಹೈನಾ ಎಂಬ ಸಣ್ಣ ದ್ವೀಪವಿದೆ. ಸುಮಾರು ಕ್ರಿ.ಶ. 600ರಿಂದ 900ರವರೆಗಿನ ಅವಧಿಯ ಅಲ್ಲಿನ ಸಮಾಧಿಗಳಲ್ಲಿ ಮೃತರೊಡನೆ ಇಂತಹ ಬೊಂಬೆಗಳನ್ನು ಇಡುತ್ತಿದ್ದರು. ಕೆಲವನ್ನು ಅಚ್ಚಿನಲ್ಲಿ ಒತ್ತಿ, ಕೆಲವನ್ನು ಕೈಯಿಂದ ತಿದ್ದಿ, ನೀಲಿಗಿಡದ ರಸವನ್ನು ಒಂದು ಬಗೆಯ ಜೇಡಿಯೊಡನೆ ಬೆರೆಸಿದ ಬಣ್ಣವನ್ನು ಬಳಿಯುತ್ತಿದ್ದರು. ಹಲವು ಬೊಂಬೆಗಳು ಊದಿದರೆ ಸೀಟಿಯಾಗುತ್ತವೆ. ಕೆಲವು ಅಲುಗಿಸಿದರೆ ಗಿಲಕಿಯಾಗುತ್ತವೆ. ಅವುಗಳಲ್ಲಿ ನೇಯುವವಳೊಬ್ಬಳಿದ್ದಾಳೆ. ಮಗ್ಗದ ಒಂದು ತುದಿಯನ್ನು ಕಂಬಕ್ಕೆ ಕಟ್ಟಿ, ಇನ್ನೊಂದು ತುದಿಯ ಪಟ್ಟಿಯನ್ನು ಬೆನ್ನಿಗೆ ಸುತ್ತಿ, ಹಿಂದಕ್ಕೆ ಬಾಗಿ ಹಾಸನ್ನು ಬಿಗಿಗೊಳಿಸುವ ಪದ್ಧತಿ ಅವಳದು. ಆ ಕಂಬದ ಮೇಲೊಂದು ಹಕ್ಕಿ ಕುಳಿತಿದೆ. ಬೇರೆಡೆಯ ಬೊಂಬೆಗಳಲ್ಲಿ ಮಗುವನ್ನು ಎತ್ತಿಕೊಂಡವಳಿದ್ದಾಳೆ; ಮೆಕ್ಕೆಜೋಳ ಅರೆಯುವವಳಿದ್ದಾಳೆ.

ನಸುಕಿನಲ್ಲಿ ಬೀಸುವ ಕಲ್ಲಿನ ಸದ್ದಿಗೆ ಎಚ್ಚರಗೊಂಡ ತಲೆಮಾರಿನವನು ನಾನು. ಆದುದರಿಂದ ಅರೆಯುವವಳ ಚಿತ್ರವನ್ನು ಕಂಡಾಗ ಪುಟ ತಿರುಗಿಸಲು ಮನಸ್ಸಾಗಲಿಲ್ಲ. ಅವಳ ಕಲ್ಲು ನಮ್ಮದರಂತೆ ಸುತ್ತುವುದಿಲ್ಲ. ಹಾಸುಗಲ್ಲಿನ ಮೇಲೆ ಉದ್ದನೆಯ ಕಲ್ಲನ್ನು ಹಿಡಿದು ಮುಂದಕ್ಕೂ ಹಿಂದಕ್ಕೂ ಉಜ್ಜಬೇಕು. ಇಷ್ಟರಿಂದಲೇ ಅವರಿಗೂ ನಮಗೂ ಪುರಾತನ ನಂಟುಂಟೆಂದು ಸಾಧಿಸಹೊರಡುವುದು ಅವಿವೇಕವಾದೀತು. ಆದರೆ ಕಾಯಕವನ್ನು ಗೌರವಿಸುವ ಪಾಠವನ್ನು ಮಠದ ನೆರಳಿನಲ್ಲಿ ಕಲಿತವರಿಗೆ, ಬಾಗಿದ ಆ ಬೆನ್ನಿನ ಬೆಲೆಯನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಆ ಊಟವಿಲ್ಲದೆ ಪಿರಮಿಡ್ಡಿನ ಒಂದು ಕಲ್ಲೂ ಮೇಲೇರುತ್ತಿರಲಿಲ್ಲ.

ಇಲ್ಲಿ ಇನ್ನೊಂದು ಎಚ್ಚರವೂ ಅಗತ್ಯ. ಬೊಂಬೆಯ ಅರ್ಥವು ಬೊಂಬೆಯೊಂದರಲ್ಲೇ ಇರುವುದಿಲ್ಲ. ಅದು ದೊರೆತ ಸ್ಥಳದಲ್ಲಿಯೂ ಇರುತ್ತದೆ. ಗ್ವಾಟೆಮಾಲಾದ ಎಲ್ ಪೆರೂ-ವಾಕಾ ಎಂಬಲ್ಲಿ 2006ರಲ್ಲಿ ಉತ್ಖನನ ಮಾಡಿದ ಅರಸು ಸಮಾಧಿಯಲ್ಲಿ 23 ಬೊಂಬೆಗಳು ಇಟ್ಟಲ್ಲಿಯೇ ದೊರೆತುವು. ಅವುಗಳನ್ನು ಕೂಡಿಸಿ ನೋಡಿದಾಗ, ಸ್ತ್ರೀಯರೂ ಪಾಲ್ಗೊಂಡ ರಾಜಸಭೆಯೊಂದು ಕಣ್ಣಿಗೆ ಕಟ್ಟಿತು. ಕ್ರಿ.ಶ. 810ರ ಸುಮಾರಿಗೆ ಶತ್ರುಗಳ ದಾಳಿಗೆ ಸಿಕ್ಕಿ ಜನ ಬಿಟ್ಟೋಡಿದ ಅಗುವಾತೆಕಾದಲ್ಲಿ ಬೊಂಬೆಗಳು ಮನೆಗಳೊಳಗೇ ದೊರೆತುವು. ಅವು ಗೋರಿಗಷ್ಟೇ ಮೀಸಲಾಗಿರದೆ ನಿತ್ಯದ ಬಾಳಿಗೂ ಸೇರಿದ್ದುವೆಂಬುದು ಹೀಗೆ ತಿಳಿಯಿತು. ಕಳ್ಳರು ಅಗೆದು ಮಾರಿದ ಬೊಂಬೆಗೆ ಈ ಭಾಗ್ಯವಿಲ್ಲ. ಯಾರ ಸಮಾಧಿಯಲ್ಲಿತ್ತು, ಯಾರ ಕೈಯೊಳಗಿತ್ತು ಎಂಬುದೆಲ್ಲ ಅಗೆದ ದಿನವೇ ಅಳಿದುಹೋಗುತ್ತದೆ. ಹೈನಾದ ಅದೆಷ್ಟೋ ಬೊಂಬೆಗಳು ಹೀಗೆಯೇ ಪರದೇಶಗಳ ಗಾಜಿನ ಪೆಟ್ಟಿಗೆಗಳನ್ನು ಸೇರಿವೆ. ಮುದುಕನೊಡನೆ ನಿಂತ ತರುಣಿಯ ಬೊಂಬೆಯನ್ನು ಒಬ್ಬರು ಚಂದ್ರದೇವಿಯೆನ್ನುತ್ತಾರೆ, ಮತ್ತೊಬ್ಬರು ವಿಲಾಸಿನಿಯೆನ್ನುತ್ತಾರೆ. ಒಂದೇ ಹೆಣ್ಣು, ನೋಡುವವರ ಕಣ್ಣಿಗೆ ತಕ್ಕಂತೆ ಒಮ್ಮೆ ದೇವತೆ, ಒಮ್ಮೆ ಬೆಲೆವೆಣ್ಣು! ಮೊದಲಿನ ಕಳ್ಳತನ ಗುದ್ದಲಿಯದು. ಎರಡನೆಯದು ನಮ್ಮ ಆತುರದ್ದು.

ಮಾಯಾ ಜನಾಂಗ ಅಳಿದುಹೋಯಿತೆಂಬ ಮಾತನ್ನು ಆಗಾಗ ಕೇಳುತ್ತೇವೆ, ಅದು ನಿಜವಲ್ಲ. ಮಾಯಾ ಭಾಷೆಗಳನ್ನಾಡುವ ಲಕ್ಷಾಂತರ ಜನ ಇಂದಿಗೂ ಇದ್ದಾರೆ. 1992ರಲ್ಲಿ ಶಾಂತಿಗಾಗಿ ನೊಬೆಲ್ ಪಾರಿತೋಷಕ ಪಡೆದ ರಿಗೊಬೆರ್ತಾ ಮೆಂಚೂ ಆ ಜನಾಂಗದವರೇ. ಗ್ವಾಟೆಮಾಲಾದ ಬೆಟ್ಟದ ಊರುಗಳಲ್ಲಿ ಹೆಂಗಸರು ಅದೇ ಬಗೆಯ ಮಗ್ಗವನ್ನು ಬೆನ್ನಿಗೆ ಕಟ್ಟಿ ಇಂದಿಗೂ ನೇಯುತ್ತಾರೆ.

ಚರಿತ್ರೆ ಬೋಧಿಸುವ ಮಿತ್ರರಲ್ಲಿ ನನ್ನದೊಂದು ವಿನಂತಿ. ಅರಸರ ವಂಶಾವಳಿಯ ಜೊತೆಗೆ ಇಂತಹ ಒಂದು ಬೊಂಬೆಯ ಚಿತ್ರವನ್ನೂ ತರಗತಿಗೆ ಒಯ್ಯಿರಿ. ಇವಳ ಹೆಸರೇನೆಂದು ಮಕ್ಕಳು ಕೇಳಿಯಾರು. ತಿಳಿಯದೆಂದು ನಿಸ್ಸಂಕೋಚವಾಗಿ ಹೇಳಿರಿ. ಅವಳ ಕೈ ಏನು ಮಾಡುತ್ತಿದೆಯೆಂಬುದನ್ನು ಮಾತ್ರ ಮಕ್ಕಳಿಂದಲೇ ಹೇಳಿಸಿರಿ.