ಓದುವವಳಿಗೊಂದು ಮೂಲೆ

ರಾತ್ರಿ ಹತ್ತರ ಸಮಯ. ಬೆಂಗಳೂರಿನ ಹಳೆಯ ವಠಾರವೊಂದರ ಒಂದೇ ಕೋಣೆಯ ಮನೆ. ಹತ್ತನೇ ತರಗತಿಯ ಹುಡುಗಿ ಗ್ಯಾಸ್ ಒಲೆಯ ಪಕ್ಕ ಗೋಡೆಗೆ ಒರಗಿ ಪುಸ್ತಕ ಹಿಡಿದಿದ್ದಾಳೆ. ದೀಪ ಉರಿಯುತ್ತಿದ್ದರೆ ಅಜ್ಜಿಗೆ ನಿದ್ದೆ ಬಾರದು. ಹೋದ ವೈಶಾಖದಲ್ಲಿ ಅಣ್ಣನ ಮದುವೆಯಾಯಿತು. ಅಂದಿನಿಂದ ಕೋಣೆಯ ನಡುವೆ ಅಮ್ಮನ ಹಳೆಯ ಸೀರೆಯೊಂದು ಪರದೆಯಾಗಿದೆ. ಅಪ್ಪ ಚಾಪೆ ಸುತ್ತಿಕೊಂಡು ಜಗಲಿಗೆ ಹೋಗುತ್ತಾರೆ. ಮಳೆ ಬಂದರೆ ಅವರೂ ಒಳಗೇ.

ಈ ಆರು ಮಂದಿಯನ್ನು ಮನೆಯಿಲ್ಲದವರೆಂದು ಯಾರೂ ಕರೆಯಲಾರರು. ಆದರೂ ಸರ್ಕಾರದ ಲೆಕ್ಕದಲ್ಲಿ ಇದು ವಸತಿಯ ಕೊರತೆಯೇ. ಕೇಂದ್ರದ ತಾಂತ್ರಿಕ ಸಮಿತಿಯೊಂದು 2012ರಲ್ಲಿ ದೇಶದ ನಗರಗಳಲ್ಲಿ ಸುಮಾರು 1 ಕೋಟಿ 88 ಲಕ್ಷ ಮನೆಗಳ ಕೊರತೆಯಿದೆಯೆಂದು ಅಂದಾಜು ಮಾಡಿತು. ಅದರಲ್ಲಿ ಸೂರೇ ಇಲ್ಲದ ಕುಟುಂಬಗಳ ಪಾಲು 5 ಲಕ್ಷದ ಆಸುಪಾಸು. ಒಂದೂವರೆ ಕೋಟಿಯಷ್ಟು ಕುಟುಂಬಗಳಿಗೆ ಮನೆಯಿತ್ತು, ಮನೆಯೊಳಗೆ ಜಾಗವಿರಲಿಲ್ಲ. ಮದುವೆಯಾದ ಜೋಡಿಗೆ ಪ್ರತ್ಯೇಕ ಕೋಣೆ ಇಲ್ಲದಿದ್ದರೆ ಅದು ಕಿಕ್ಕಿರಿದ ಮನೆ ಎಂಬುದು ಸಮಿತಿಯ ಅಳತೆಗೋಲು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಸಮಿತಿಯವರು ಕೇಳಿದ್ದರೋ ಇಲ್ಲವೋ, ಎರಡನ್ನೂ ಒಂದೇ ಲೆಕ್ಕಕ್ಕೆ ಸೇರಿಸಿಬಿಟ್ಟರು! ಓದುವ ಮಗುವಿಗೊಂದು ಮೂಲೆ ಇದೆಯೇ ಎಂದು ಮಾತ್ರ ಆ ಅಳತೆಗೋಲು ಕೇಳಲಿಲ್ಲ.

ಸಂಸತ್ತು 1994ರಲ್ಲಿ ಒಪ್ಪಿದ ರಾಷ್ಟ್ರೀಯ ವಸತಿ ನೀತಿ ಒಂದು ಮಾತನ್ನು ಸ್ಪಷ್ಟಪಡಿಸಿತ್ತು. ಸರ್ಕಾರ ತಾನೇ ಎಲ್ಲರಿಗೂ ಮನೆ ಕಟ್ಟಿಕೊಡುವುದಿಲ್ಲ. ಸಾಲ, ಜಮೀನು, ಕಾನೂನುಗಳ ತೊಡಕು ಬಿಡಿಸಿ, ಜನರೇ ಕಟ್ಟಿಕೊಳ್ಳಲು ಅನುವು ಮಾಡಿಕೊಡುತ್ತದೆ. 1998ರ ನೀತಿ ತನ್ನ ಹೆಸರಿನಲ್ಲೇ ವಸತಿಯ ಜೊತೆಗೆ ‘ಆವಾಸ’ವನ್ನೂ ಸೇರಿಸಿಕೊಂಡಿತು. ನೀರು, ಚರಂಡಿ, ಸುತ್ತಲಿನ ಬದುಕು, ಇವೂ ಮನೆಯ ಭಾಗವೆಂಬ ಅರ್ಥ. 2007ರ ನಗರ ವಸತಿ ನೀತಿ ಕೈಗೆಟುಕುವ ಮನೆ ಎಲ್ಲರಿಗೂ ಎಂದಿತು. ಉದ್ದೇಶಗಳಲ್ಲಿ ಕೊಂಕು ತೆಗೆಯುವಂಥದ್ದೇನೂ ಇಲ್ಲ. ಆದರೆ 2011ರ ಜನಗಣತಿಯ ಹೊತ್ತಿಗೆ ನಗರಗಳಲ್ಲೇ 1 ಕೋಟಿ 10 ಲಕ್ಷದಷ್ಟು ಮನೆಗಳು ಖಾಲಿ ಬಿದ್ದಿದ್ದವು. ಬಾಡಿಗೆಗೆ ಕೊಟ್ಟರೆ ಬಿಡಿಸುವುದು ಕಷ್ಟವೆಂಬ ಭಯವೂ ಆ ಬೀಗಗಳ ಹಿಂದಿತ್ತು.

ಹುಡುಗಿಯ ಅಪ್ಪನಿಗೂ ಊರ ಹೊರಗಿನ ಬಹುಮಹಡಿ ಕಟ್ಟಡದಲ್ಲೊಂದು ಮನೆಗೆ ಅರ್ಜಿ ಹಾಕುವ ಅವಕಾಶ ಬಂತು. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆ ನಗರದ ಬಡವರ ಮನೆಗೆ ಹೇಳಿದ ಅಳತೆ 30 ಚದರ ಮೀಟರ್‌ವರೆಗೆ. ಹುಡುಗಿಯೇ ಲೆಕ್ಕ ಹಾಕಿದಳು. ಆರು ಜನಕ್ಕೆ ತಲಾ 5 ಚದರ ಮೀಟರ್, ಈಗಿನದರ ದುಪ್ಪಟ್ಟು. ಕಿಟಕಿಯ ಬಳಿ ಒಂದು ಪುಟ್ಟ ಮೇಜು ಹಿಡಿಸೀತು. ಅಪ್ಪನ ಲೆಕ್ಕ ಬೇರೆ. ಕೆಲಸಕ್ಕೆ ಹೋಗಲು ಎರಡು ಬಸ್ಸು ಹತ್ತಬೇಕು. ಅಮ್ಮ ಕೆಲಸ ಮಾಡುವ ನಾಲ್ಕು ಮನೆಗಳು ಕೈತಪ್ಪುತ್ತವೆ. ಮಗಳ ಶಾಲೆ ದೂರವಾಗುತ್ತದೆ, ಅದೂ ಪಬ್ಲಿಕ್ ಪರೀಕ್ಷೆಯ ವರ್ಷ.

ತುಂಬದ ಅರ್ಜಿ ಗೂಡಿನಲ್ಲಿ ದೇವರ ಪಟದ ಹಿಂದಿದೆ. ಮಾರ್ಚ್ ಕಳೆಯಲಿ, ಆಮೇಲೆ ನೋಡೋಣ ಎಂದಿದ್ದಾರೆ ಅಮ್ಮ.